ಮುಕುರ್ತಿಯ ಬೇಟೆ: ಒಂದು ತಿದ್ದುಪಡಿ

ನನ್ನ ತರಗತಿಗಳಲ್ಲಿ ಕುಳಿತಿದ್ದ ನಿಮ್ಮಲ್ಲಿ ಬಹುತೇಕರಿಗೆ ಈ ಕಥೆ ಗೊತ್ತು. ಮಳೆ ಬಂದು ಆಟದ ಬಯಲು ಕೆಸರಾದ ದಿನ, ಕೊನೆಯ ಪಿರಿಯಡ್‌ನಲ್ಲಿ ಐವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವುದು ಹೇಗೆಂದು ತೋಚದೆ ನಾನು ಹೇಳಲಾರಂಭಿಸಿದ ಕಥೆ ಅದು. ಬರಬರುತ್ತಾ ಅದು ಎಷ್ಟು ಪ್ರಸಿದ್ಧವಾಯಿತೆಂದರೆ, ಆಕಾಶದಲ್ಲಿ ಮೋಡ ಕಂಡರೆ ಸಾಕು, ಹಿಂದಿನ ಬೆಂಚಿನಿಂದ "ಸಾರ್, ಐಬೆಕ್ಸ್ ಕಥೆ ಸಾರ್" ಎಂಬ ಕೂಗು ಬರುತ್ತಿತ್ತು. ಅಣ್ಣ ಕೇಳಿದ ಕಥೆಯನ್ನು ತಮ್ಮ ಬಂದು ಕೇಳುತ್ತಿದ್ದ. ಒಂದೆರಡು ಮನೆಗಳಲ್ಲಿ ಅಪ್ಪನೂ ಮಗನೂ ಕೇಳಿದ್ದಾರೆ.

ಕಥೆಯ ಸಾರಾಂಶವಿಷ್ಟು. ನನ್ನ ಸೋದರಮಾವ ನೀಲಗಿರಿಯ ಮುಕುರ್ತಿ ಶಿಖರದ ಬಳಿ ಎರಡು ದಿನ ಕಾಲ್ನಡಿಗೆಯಲ್ಲಿ ಅಲೆದು, ಹಿಂಡಿನ ಮುಂದೆ ಬಂಡೆಯ ಮೇಲೆ ಕಾವಲು ನಿಂತಿದ್ದ ಬೆಳ್ಳಿಬೆನ್ನಿನ ಭಾರೀ ಗಂಡೊಂದನ್ನು ಇನ್ನೂರೈವತ್ತು ಗಜ ದೂರದಿಂದ ಒಂದೇ ಗುಂಡಿಗೆ ಕೆಡವಿದರು. ಅದನ್ನು ಮೊದಲು ಕಂಡವನು ನಾನು. ದುರ್ಬೀನು ನನ್ನ ಕೈಯಲ್ಲಿತ್ತು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡಿ ಈಚೆಗೆ ನಿವೃತ್ತನಾದವನು, ಬೆಟ್ಟ ಹತ್ತುವ ಹುಚ್ಚಿನವನು. ಮುನ್ನಾರಿಗೆ ಹೋಗಿ ಬಂದಿದ್ದನಂತೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಬಹಳ ಸಂಕೋಚದಿಂದ ಕೇಳಿದ: "ಸಾರ್, ತಪ್ಪು ತಿಳೀಬೇಡಿ. ನೀವು ಹೇಳ್ತಿದ್ದ ಕಥೆಯಲ್ಲಿ ದೊಡ್ಡ ಗಂಡು ಹಿಂಡಿಗೆ ಕಾವಲು ನಿಂತಿತ್ತಲ್ವಾ? ಅಲ್ಲಿನ ಗಾರ್ಡು ಹೇಳಿದ್ರು, ಕಾವಲು ಕಾಯೋದು ಸಾಮಾನ್ಯವಾಗಿ ಹೆಣ್ಣುಗಳೇ ಅಂತೆ. ಬೆನ್ನು ಬಿಳಿಯಾದ ಗಂಡುಗಳು ಬೆದೆಯ ಕಾಲ ಬಿಟ್ಟರೆ ಹೆಚ್ಚಾಗಿ ಬೇರೆಯೇ ಇರ್ತವಂತೆ. ನಿಮ್ಮದು ದಸರಾ ರಜೆ. ಬೆದೆ ಜುಲೈ, ಆಗಸ್ಟ್‌ನಲ್ಲಿ. ಹೇಗೆ ಸಾರ್ ಅದು?"

ಅವನದು ಕುಹಕವಲ್ಲ, ಎಷ್ಟೋ ವರ್ಷಗಳ ಹಿಂದೆ ಕೇಳಿದ ಕಥೆಯನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರಿಂದಲೇ ಆ ಪ್ರಶ್ನೆ ಹುಟ್ಟಿತು. ನಾನು "ಯೋಚಿಸಿ ಹೇಳ್ತೀನಪ್ಪ" ಎಂದು ಫೋನ್ ಇಟ್ಟೆ. ಯೋಚಿಸಲು ಏನೂ ಇರಲಿಲ್ಲ. ಉತ್ತರ 1963ರಿಂದಲೂ ನನ್ನಲ್ಲಿತ್ತು. ಅವನೊಬ್ಬನಿಗೆ ಹೇಳಿದರೆ ಸಾಲದು, ಕಥೆ ಕೇಳಿದವರೆಲ್ಲರಿಗೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಾಣಿಯ ವಿಷಯ. ನಾವೆಲ್ಲ ಅದನ್ನು ಐಬೆಕ್ಸ್ ಎನ್ನುತ್ತಿದ್ದೆವು. ಅದು ಬ್ರಿಟಿಷ್ ಬೇಟೆಗಾರರು ಇಟ್ಟ ತಪ್ಪು ಹೆಸರು. ಯುರೋಪಿನ ಆಲ್ಪ್ಸ್ ಪರ್ವತದ ಐಬೆಕ್ಸ್ ಬೇರೆ, ನಮ್ಮ ದಕ್ಷಿಣದ ಈ ಪ್ರಾಣಿ ಬೇರೆ. ಈಗ ಎಲ್ಲರೂ ನೀಲಗಿರಿ ತಾರ್ ಎನ್ನುತ್ತಾರೆ. ತಮಿಳಿನಲ್ಲಿ ವರೈಯಾಡು, ವರೈ ಎಂದರೆ ಬೆಟ್ಟದ ಕಡಿದಾದ ಮೈ, ಆಡು ನಮ್ಮ ಆಡೇ. ಸಂಗಂ ಕಾಲದ ತಮಿಳು ಕಾವ್ಯಗಳಲ್ಲೂ ಇದರ ಪ್ರಸ್ತಾಪವಿದೆ. ಇಂದು ಇದು ತಮಿಳುನಾಡಿನ ರಾಜ್ಯಪ್ರಾಣಿ. ಹಲವು ಕಾಲ ಇದನ್ನು ಹಿಮಾಲಯದ ತಾರ್‌ನ ದಾಯಾದಿಯೆಂದೇ ಪರಿಗಣಿಸಿದ್ದರು. 2005ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದು ಕುರಿಗಳಿಗೆ ಹೆಚ್ಚು ಹತ್ತಿರವೆಂದು ತೋರಿಸಿ, ಇದಕ್ಕೇ ಪ್ರತ್ಯೇಕ ಕುಲವನ್ನು ಕಲ್ಪಿಸಿತು. ಹೆಸರಿನಲ್ಲಿ ಆಡು, ರಕ್ತದಲ್ಲಿ ಕುರಿಯ ನಂಟು, ದೂರದಿಂದ ನೋಡಿದವರಿಗೆ ಹುಲ್ಲೆಯ ಗತ್ತು. ತಪ್ಪಾಗಿ ಗುರುತಿಸಿಕೊಳ್ಳುವುದು ಈ ಪ್ರಾಣಿಗೆ ಹೊಸದಲ್ಲ.

ಪೂರ್ತಿ ಬೆಳೆದ ಗಂಡು ನೂರು ಕಿಲೋ ತೂಗಬಲ್ಲದು. ಮೈ ಕಡುಗಂದು, ಹೆಚ್ಚುಕಡಿಮೆ ಕಪ್ಪು. ವಯಸ್ಸಾದಂತೆ ಬೆನ್ನಿನ ಮೇಲೆ ಕುದುರೆಯ ಜೀನು ಹಾಕಿದ ಹಾಗೆ ಬೆಳ್ಳಿಬಣ್ಣದ ಪಟ್ಟೆ ಮೂಡುತ್ತದೆ. ಅದಕ್ಕೇ ಬೇಟೆಗಾರರು ಅದನ್ನು ಸ್ಯಾಡಲ್‌ಬ್ಯಾಕ್ ಎನ್ನುತ್ತಿದ್ದರು. ಹೆಣ್ಣು ಅದರ ಅರ್ಧದಷ್ಟು ತೂಗಿದರೆ ಹೆಚ್ಚು, ಮಾಸಲು ಬೂದುಬಣ್ಣ. ಕೊಂಬು ಎರಡಕ್ಕೂ ಇರುತ್ತದೆ, ಎರಡಕ್ಕೂ ಹಿಂದಕ್ಕೆ ಬಾಗಿರುತ್ತದೆ. ಹೆಣ್ಣಿನದು ತುಸು ತೆಳು, ತುಸು ಗಿಡ್ಡ. ಈ ಕೊಂಬಿನ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಾವ ನಡುವಟ್ಟಂ ಕಡೆಯ ಒಂದು ಟೀ ತೋಟದಲ್ಲಿ ಗುಮಾಸ್ತರಾಗಿದ್ದರು. ಗುಂಡ್ಲುಪೇಟೆಯಿಂದ ಬಂಡೀಪುರ, ಗೂಡಲೂರು ದಾಟಿ ಬಸ್ಸು ಘಾಟಿ ಹತ್ತಿದರೆ ಅವರ ತೋಟ. ಆಗ ನಮ್ಮದು ಮೈಸೂರು ರಾಜ್ಯ, ಅವರದು ಮದರಾಸು ರಾಜ್ಯ. ಆದರೆ ಅವ್ವನಿಗೆ ಅದು ರಾಜ್ಯದ ಗಡಿಯಲ್ಲ, ತಮ್ಮನ ಮನೆಯ ದಾರಿ ಅಷ್ಟೆ. ಹುರುಳಿಕಾಳು, ಉಪ್ಪಿನಕಾಯಿ, ಒಂದು ಡಬ್ಬ ತುಪ್ಪ ಕಟ್ಟಿ ನನ್ನನ್ನು ರಜೆಗೆ ಕಳುಹಿಸುತ್ತಿದ್ದಳು. ಮಾವನಿಗೆ ಮಕ್ಕಳಿರಲಿಲ್ಲ. ಅವರ ಜೊತೆ ನಡೆಯುವ ಕಾಲು ನನ್ನದೇ.

ನೀಲಗಿರಿಯಲ್ಲಿ ಬೇಟೆಗೆ ಬಹಳ ಹಿಂದಿನಿಂದಲೂ ಕಟ್ಟುಪಾಡುಗಳಿದ್ದವು. 1877ರಲ್ಲೇ ಅಲ್ಲಿ ಬೇಟೆಗಾರರ ಸಂಘ ಹುಟ್ಟಿತು; 1879ರಲ್ಲಿ ಮದರಾಸು ಸರ್ಕಾರ ನೀಲಗಿರಿಯ ಬೇಟೆ ಮತ್ತು ಮೀನುಗಳ ರಕ್ಷಣೆಗೆಂದೇ ಕಾಯಿದೆ ಮಾಡಿತು. ದಯೆಯಿಂದ ಮಾಡಿದ್ದಲ್ಲ; ಹೊಡೆಯುವವರು ಹೆಚ್ಚಾಗಿ, ಹೊಡೆಯಲು ಪ್ರಾಣಿ ಉಳಿಯದಂತಾದಾಗ ಮಾಡಿದ್ದು. ಡಗ್ಲಾಸ್ ಹ್ಯಾಮಿಲ್ಟನ್ ಎಂಬ ಸೈನ್ಯಾಧಿಕಾರಿ ಈ ಬೆಟ್ಟಗಳನ್ನೆಲ್ಲ ಅಲೆದು ಚಿತ್ರ ಬರೆದವನು, ಬೇಟೆಯೂ ಆಡಿದವನು. ದಕ್ಷಿಣ ಭಾರತದ ಬೇಟೆಯ ಕುರಿತ ಅವನ ಪುಸ್ತಕ 1892ರಲ್ಲಿ ಹೊರಬಂತು. ತೋಟದ ದೊರೆಗಳ ಬಂಗಲೆಗಳಲ್ಲಿ ಅಂಥ ಪುಸ್ತಕಗಳಿರುತ್ತಿದ್ದವು. ಮಾವ ಅವನ್ನು ಎರವಲು ತಂದು, ಕಷ್ಟಪಟ್ಟು ಇಂಗ್ಲಿಷ್ ಬಿಡಿಸಿ, ರಾತ್ರಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಗುಮಾಸ್ತನೊಬ್ಬನಿಗೆ ದೊರೆಗಳ ಆಟವನ್ನು ಒಮ್ಮೆ ಆಡಿ ನೋಡಬೇಕೆಂಬ ಆಸೆ ಹುಟ್ಟಿದ್ದು ಹೀಗೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, 1963ರಲ್ಲಿ ಒಂದು ಐಬೆಕ್ಸ್‌ಗೆ ಲೈಸೆನ್ಸ್ ಮಾಡಿಸಿದರು. ಒಂದು ಮಾತ್ರ, ಅದೂ ದೊಡ್ಡ ಗಂಡು. ಹೆಣ್ಣನ್ನು ಹೊಡೆಯಕೂಡದು. ರೈಫಲ್ ಸ್ನೇಹಿತರೊಬ್ಬರದು. ದುರ್ಬೀನು ಮಾತ್ರ ಸ್ವಂತದ್ದು, ಊಟಿಯ ಹರಾಜಿನಲ್ಲಿ ಕೊಂಡದ್ದು.

ನಮ್ಮ ಜೊತೆ ದಾರಿ ತೋರಿಸಲು ಬಂದವರು ಬಡಗರ ಹಿರಿಯರೊಬ್ಬರು. ನಾನು ಅಜ್ಜ ಎಂದೇ ಕರೆಯುತ್ತಿದ್ದೆ. ಅವರ ಬಡಗು ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ನಿಧಾನವಾಗಿ ಆಡಿದರೆ ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಪಾಲನ್ನು ಅವರ ಕೈಬೆರಳು ಹೇಳುತ್ತಿತ್ತು. ಪೈಕಾರದವರೆಗೆ ತೋಟದ ಲಾರಿ. ಅಲ್ಲಿಂದ ಮುಂದೆ ನಡಿಗೆ.

ಆ ನಾಡನ್ನು ನೋಡದವರಿಗೆ ಹೇಗೆ ವರ್ಣಿಸಲಿ? ಕಣ್ಣು ಹರಿಯುವಷ್ಟು ದೂರ ಹುಲ್ಲಿನ ಗುಡ್ಡಗಳು, ಒಂದರ ಬೆನ್ನಿಗೊಂದು. ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ನೀರಿನ ಸೆಲೆ ಹಿಡಿದು ಕುಳಿತ ಸಣ್ಣ ಸಣ್ಣ ಕಾಡು, ಶೋಲಾ ಎನ್ನುತ್ತಾರೆ. ಉಳಿದದ್ದೆಲ್ಲ ಬಯಲು. ಬಂಡೀಪುರದ ಕಾಡು ನೋಡಿ ಬೆಳೆದ ನನಗೆ ಬೇಟೆಯೆಂದರೆ ಮರೆ, ಪೊದೆ, ಮಚಾನು. ಇಲ್ಲಿ ಮರೆಯೇ ಇಲ್ಲ. ನಿಂತರೆ ಒಂದು ಮೈಲಿಯಿಂದ ಕಾಣುತ್ತೇವೆ. ಪಶ್ಚಿಮಕ್ಕೆ ನಡೆದರೆ ಆ ಹುಲ್ಲುಗಾವಲು ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಚಾಕುವಿನಿಂದ ಕೊಯ್ದಂತೆ ಪ್ರಪಾತ; ಕೆಳಗೆ ಸಾವಿರಾರು ಅಡಿ ಆಳದಲ್ಲಿ ನಿಲಂಬೂರಿನ ಕಡೆಯ ಕಾಡು. ಆ ಅಂಚಿನಲ್ಲೇ ಮುಕುರ್ತಿ ಶಿಖರ, 2554 ಮೀಟರು. ತೊದವರ ನಂಬಿಕೆಯಲ್ಲಿ ಸತ್ತವರ ಆತ್ಮ ಪರಲೋಕಕ್ಕೆ ಹೊರಡುವುದು ಆ ಶಿಖರದಿಂದ. ಅಜ್ಜ ಇದನ್ನು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀಡಿ ಹೊತ್ತಿಸಿದರು.

ಅಂಥ ಬಯಲಿನಲ್ಲಿ ಕಾಲ್ನಡಿಗೆಯಲ್ಲಿ ಹೋಗಿ ಪ್ರಾಣಿಯ ಹತ್ತಿರ ಸೇರುವುದು ಹೇಗೆ? ಅಜ್ಜ ಮೊದಲ ದಿನವೇ ಪಾಠ ಮಾಡಿದರು. ನಾನು ಆಮೇಲೆ ಎಷ್ಟೋ ಪಾಠ ಮಾಡಿದ್ದೇನೆ, ಅಷ್ಟು ಚೆನ್ನಾಗಿ ಮಾಡಿಲ್ಲ. ಈ ಪ್ರಾಣಿ ನಂಬುವುದು ತನ್ನ ಕಣ್ಣನ್ನು. ಶತ್ರು ಬರುವುದು ಕೆಳಗಿನಿಂದ ಎಂಬುದು ಅದರ ಲೆಕ್ಕ. ಚಿರತೆಯೋ ಸೀಳುನಾಯಿಯೋ ಕಂಡೊಡನೆ ಪ್ರಪಾತದ ಬಂಡೆಗಳಿಗೆ ಇಳಿದುಬಿಟ್ಟರೆ ಅಲ್ಲಿಗೆ ಯಾರೂ ಬರಲಾರರು. ಆದ್ದರಿಂದ ಅದು ಮಲಗಿದರೂ ಮುಖ ಇಳಿಜಾರಿಗೆ. ಮನುಷ್ಯ ಅದರ ಮೇಲಿನಿಂದ ಹೋಗಬೇಕು. ಮೇಲಿನಿಂದ ಹೋಗಬೇಕಾದರೆ ಗುಡ್ಡದ ಹಿಂಬದಿಯಿಂದ ಸುತ್ತಿ ಹತ್ತಬೇಕು. ಅರ್ಧ ಮೈಲಿ ದೂರದಲ್ಲಿ ಕಂಡದ್ದಕ್ಕೆ ಮೂರು ಮೈಲಿ ನಡಿಗೆ. ಗಾಳಿ ನಮ್ಮ ಮುಖಕ್ಕೆ ಬಡಿಯುತ್ತಿರಬೇಕು. ಅಜ್ಜ ಆಗಾಗ ಒಣಹುಲ್ಲಿನ ಚೂರು ಗಾಳಿಗೆ ಬಿಟ್ಟು ನೋಡುತ್ತಿದ್ದರು. ಏನಾದರೂ ಆಗಲಿ, ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಲ್ಲಕೂಡದು. ನೆತ್ತಿ ಬಂದಾಗ ಹೊಟ್ಟೆಯ ಮೇಲೆ ತೆವಳಬೇಕು. ಒದ್ದೆ ಹುಲ್ಲಿನ ಮೇಲೆ ತೆವಳಿ ತೆವಳಿ ನನ್ನ ಅಂಗಿಯ ಗುಂಡಿಗಳೆಲ್ಲ ಕಿತ್ತುಹೋದವು. ಊರಿಗೆ ಬಂದ ಮೇಲೆ ಅವ್ವ ಮೊದಲು ಕೇಳಿದ್ದು ಆ ಗುಂಡಿಗಳನ್ನೇ.

ಮೊದಲ ದಿನ ಎರಡು ಹಿಂಡು ಕಂಡವು. ಒಂದರಲ್ಲಿ ಬರೀ ಹೆಣ್ಣು ಮತ್ತು ಮರಿಗಳು. ಇನ್ನೊಂದು ಹಿಂಡಿನ ಮೇಲಕ್ಕೆ ನಾವು ಮೂರು ಗಂಟೆ ಸುತ್ತಿ ಸೇರುವಷ್ಟರಲ್ಲಿ ಗಾಳಿ ತಿರುಗಿತು. ಸೀಟಿ ಹೊಡೆದಂಥ ಒಂದು ಸದ್ದು. ತಲೆಯೆತ್ತಿ ನೋಡಿದರೆ ಬರಿಯ ಬಂಡೆ. ಅವು ಓಡಿದ್ದನ್ನೂ ನಾನು ಕಾಣಲಿಲ್ಲ. ರಾತ್ರಿ ಶೋಲಾದ ಅಂಚಿನಲ್ಲಿ ಒಂದು ತಾಡಪಾಲಿನ ಕೆಳಗೆ ಮಲಗಿದೆವು. ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆದಿರಲಿಲ್ಲ, ರಾತ್ರಿಯಿಡೀ ತುಂತುರು. ಮಾವ ತಮ್ಮ ಕಂಬಳಿಯನ್ನೂ ನನಗೇ ಹೊದಿಸಿ, ಬೆಂಕಿಯ ಮುಂದೆ ಕುಳಿತೇ ಬೆಳಗು ಮಾಡಿದರು. ಕಥೆಯಲ್ಲಿ ನಾನು ಇದನ್ನು ಎಂದೂ ಹೇಳಿಲ್ಲ. ಯಾಕೆ ಹೇಳಲಿಲ್ಲವೋ ತಿಳಿಯದು. ಬಹುಶಃ ಮಕ್ಕಳಿಗೆ ಬೇಕಾದದ್ದು ಗುಂಡಿನ ಸದ್ದು, ಕಂಬಳಿಯಲ್ಲ ಎಂದುಕೊಂಡಿರಬೇಕು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಹಿಮ್ಮಡಿಯ ಬೊಕ್ಕೆಗಳು ಒಡೆದಿದ್ದವು. ಕ್ಯಾನ್ವಾಸ್ ಬೂಟು ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಮಾವನ ಲೈಸೆನ್ಸಿಗೆ ದಿನಗಳಿದ್ದವು, ಆದರೆ ಅವರ ರಜೆ ಮುಗಿದಿತ್ತು. ಮಾರನೆಯ ದಿನ ಬೆಳಿಗ್ಗೆ ಕಚೇರಿಯಲ್ಲಿರಬೇಕು. ಅಜ್ಜ ಒಂದು ಗುಡ್ಡದ ನೆತ್ತಿಯಲ್ಲಿ ತೆವಳಿ ಹೋದವರು ಕೈ ಹಿಂದಕ್ಕೆ ಚಾಚಿ ಬೆರಳಾಡಿಸಿದರು. ನಾವೂ ತೆವಳಿದೆವು. ಕೆಳಗೆ, ಪ್ರಪಾತದ ಅಂಚಿನಲ್ಲಿ, ಚಾಚಿಕೊಂಡ ಒಂದು ಬಂಡೆಯ ಮೇಲೆ ಒಂದು ಪ್ರಾಣಿ ನಿಂತಿತ್ತು. ಉಳಿದವು ಅದರಾಚೆ ಎಲ್ಲೋ ಮಲಗಿದ್ದಿರಬೇಕು, ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರತೊಡಗಿತು.

ಮಾವನ ಕನ್ನಡಕದ ಮೇಲೆ ನೀರಾಡಿತು. ಒರೆಸಿದರು, ಮತ್ತೆ ಆಡಿತು. ಅಜ್ಜನ ದೃಷ್ಟಿ ಅಷ್ಟು ದೂರಕ್ಕೆ ಸಾಲದು. ಅವರು ಪ್ರಾಣಿಯನ್ನು ಕಾಣುತ್ತಿದ್ದುದು ಕಣ್ಣಿಗಿಂತ ಹೆಚ್ಚಾಗಿ ಅನುಭವದಿಂದ. ಮಾವ ದುರ್ಬೀನನ್ನು ನನ್ನ ಕೈಗಿಟ್ಟು ಪಿಸುಗುಟ್ಟಿದರು: "ನೀನು ನೋಡ್ಲಾ, ನಿನ್ ಕಣ್ಣು ಎಳೇವು. ಗಂಡೋ ಹೆಣ್ಣೋ? ಬೆನ್ನು ನೋಡು, ಬೆನ್ನು."

ನಾನು ನೋಡಿದೆ. ಮಂಜಿನಲ್ಲಿ ಅದು ದೊಡ್ಡದಾಗಿ, ಕಪ್ಪಗೆ ಕಂಡಿತು. ಮಂಜಿನಲ್ಲಿ ಎಲ್ಲವೂ ಇರುವುದಕ್ಕಿಂತ ದೂರವೆನಿಸುತ್ತದೆ, ದೂರವೆನಿಸಿದ್ದರಿಂದಲೇ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮುಂದೆ ಎಲ್ಲೋ ಓದಿದೆ. ಒದ್ದೆಯಾದ ಕೂದಲು ಕಪ್ಪಾಗಿಯೇ ತೋರುತ್ತದೆ. ಕೊಂಬು ಹಿಂದಕ್ಕೆ ಬಾಗಿದ್ದು ಸ್ಪಷ್ಟವಾಗಿತ್ತು. ಬೆನ್ನು? ಬೆನ್ನು ಕಾಣಲಿಲ್ಲ. ಪ್ರಾಣಿ ನಮಗೆ ಎದೆ ತೋರಿಸಿ, ಓರೆಯಾಗಿ ನಿಂತಿತ್ತು. ಇನ್ನೈದು ನಿಮಿಷ ಕಾದಿದ್ದರೆ ಅದು ತಿರುಗುತ್ತಿತ್ತು, ಇಲ್ಲವೆ ಮಂಜು ಅದನ್ನು ಪೂರ್ತಿ ಮುಚ್ಚುತ್ತಿತ್ತು. ಎರಡರಲ್ಲಿ ಯಾವುದಾದರೂ ಸರಿಯೇ.

"ಗಂಡು ಮಾವ. ಬೆನ್ನು ಬೆಳ್ಳಗೈತೆ," ಎಂದೆ.

ಕಂಡೆನೆಂದು ಭ್ರಮಿಸಿ ಹೇಳಿದೆನೆಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದೂ ನಿಜವಲ್ಲ. ಬೆನ್ನು ಕಾಣುತ್ತಿಲ್ಲವೆಂಬುದು ಆ ಕ್ಷಣದಲ್ಲೂ ನನಗೆ ಗೊತ್ತಿತ್ತು. ಕಾಲು ಉರಿಯುತ್ತಿತ್ತು, ಚಳಿಯಾಗುತ್ತಿತ್ತು, ಮಾವನ ಮುಖದಲ್ಲಿ ಎರಡು ದಿನದ ಆಸೆ ಇತ್ತು. ಅವರಿಗೆ ಬೇಕಾದ ಉತ್ತರ ಯಾವುದೆಂದು ನನಗೆ ತಿಳಿದಿತ್ತು, ಅದನ್ನು ಕೊಟ್ಟೆ. ಬುದ್ಧಿವಂತ ವಿದ್ಯಾರ್ಥಿಗಳು ಮಾಡುವ ಕೆಲಸ ಅದೇ ಅಲ್ಲವೇ.

ಇನ್ನೂರೈವತ್ತು ಗಜವಲ್ಲ, ನೂರೈವತ್ತೂ ಇರಲಿಲ್ಲ. ಒಂದೇ ಗುಂಡು ಎಂಬುದೂ ಸುಳ್ಳು. ಮೊದಲ ಗುಂಡಿಗೆ ಅದು ಮುಂಗಾಲ ಮೇಲೆ ಕುಸಿದು, ಎದ್ದು, ಬಂಡೆಯ ಅಂಚಿನಿಂದ ಕೆಳಗಿಳಿಯಿತು. ಮಾವ ಓಡಿದರು, ಆ ಇಳಿಜಾರಿನಲ್ಲಿ, ಆ ಮಂಜಿನಲ್ಲಿ, ರೈಫಲ್ ಹಿಡಿದು. ಅಜ್ಜ "ಬೇಡ, ಬೇಡ" ಎಂದು ಕೂಗುತ್ತಾ ಹಿಂದೆ ಓಡಿದರು. ಎಷ್ಟೋ ಹೊತ್ತಿನ ಮೇಲೆ ಎರಡನೆಯ ಗುಂಡಿನ ಸದ್ದು ಕೇಳಿತು. ನಾನು ಬರಿಗಾಲಿನಲ್ಲಿ ಇಳಿದು ಹೋದೆ.

ಪ್ರಪಾತದ ಮೈಯಲ್ಲಿ ಒಂದು ಹುಲ್ಲಿನ ಚಾಚು. ಅಲ್ಲಿ ಅದು ಬಿದ್ದಿತ್ತು. ಹತ್ತಿರದಿಂದ ಕಪ್ಪಾಗಿರಲಿಲ್ಲ, ದೊಡ್ಡದೂ ಆಗಿರಲಿಲ್ಲ. ಒದ್ದೆಯಾದ ಬೂದುಬಣ್ಣ. ಅಜ್ಜ ಬಗ್ಗಿ ನೋಡಿ ಮೇಲೆದ್ದರು. ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾವ ಅದರ ಬೆನ್ನಿನ ಮೇಲೆ ಅಂಗೈಯಿಟ್ಟು ಸವರಿದರು, ಬಿಳಿ ಎಲ್ಲಾದರೂ ಒಳಗೆ ಅಡಗಿದೆಯೇನೋ ಎಂಬಂತೆ.

ಆಗ ಮೇಲಿನಿಂದ ಒಂದು ಸದ್ದಾಯಿತು. ಮೊದಲು ಅದು ನಿಂತಿದ್ದ ಬಂಡೆಯ ಮೇಲೆಯೇ, ಆ ವರ್ಷದ ಮರಿಯೊಂದು, ಮೊಣಕಾಲೆತ್ತರಕ್ಕಿಂತ ತುಸು ಹೆಚ್ಚು, ನಮ್ಮನ್ನೇ ನೋಡುತ್ತಾ ನಿಂತಿತ್ತು. ಹಿಂಡು ಆಗಲೇ ಹೋಗಿತ್ತು. ಅಜ್ಜ ಚಪ್ಪಾಳೆ ತಟ್ಟಿದರು, ಅದು ಕದಲಲಿಲ್ಲ. ಕಲ್ಲೊಂದನ್ನು ಬಂಡೆಯ ಮೇಲೆ ಉರುಳಿಸಿದರು. ಆಗ ತಿರುಗಿ ಮಂಜಿನೊಳಕ್ಕೆ ಹೋಯಿತು.

ಮಾವ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೋ ಏನೋ. ಹಿಂದಿರುಗುವಾಗ ದಾರಿಯಲ್ಲಿ ಒಮ್ಮೆ ಮಾತ್ರ ಕೇಳಿದರು: "ಬೆನ್ನು ಕಾಣ್ತಾ ಇತ್ತೇನ್ಲಾ?" ನಾನು ಹೂಂ ಎಂದೆ. ಎರಡನೆಯ ಸಲ ಸುಳ್ಳು. ಅವರು "ಮಂಜು ಅಲ್ವಾ" ಎಂದು, ತಾವೇ ನನಗೊಂದು ನೆಪ ಒದಗಿಸಿ, ಸುಮ್ಮನಾದರು. ಊಟಿಗೆ ಹೋಗಿ ಲೈಸೆನ್ಸಿನ ಹಿಂದೆ ತಾವೇ ಬರೆದುಕೊಟ್ಟರು: ತಪ್ಪಿನಿಂದ ಹೆಣ್ಣನ್ನು ಹೊಡೆದಿದ್ದೇನೆ, ತಪ್ಪು ನನ್ನದು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಂಡ ಕಟ್ಟಿದರು. ಅದು ಅವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚೆಂದು ಅತ್ತೆ ಬಹಳ ವರ್ಷಗಳ ಮೇಲೆ ಅವ್ವನೊಡನೆ ಅಂದದ್ದು ಕಿವಿಗೆ ಬಿತ್ತು. ರೈಫಲ್ ಹಿಂದಿರುಗಿಸಿದರು. ಮತ್ತೆ ಮುಟ್ಟಲಿಲ್ಲ.

ಅದೇ 1963ನೆಯ ಇಸವಿಯಲ್ಲಿ ಇ.ಆರ್.ಸಿ. ಡೇವಿಡಾರ್ ಎಂಬವರು, ವಕೀಲರು, ನೀಲಗಿರಿಯಲ್ಲಿ ಉಳಿದಿರುವ ತಾರ್‌ಗಳನ್ನು ಎಣಿಸಿ ವರದಿ ಬರೆದರು ಎಂಬುದನ್ನು ನಾನು ನಿವೃತ್ತಿಯ ನಂತರ ಓದಿದೆ. ಒಬ್ಬರು ಬೆಟ್ಟ ಬೆಟ್ಟ ತಿರುಗಿ ಲೆಕ್ಕ ಬರೆಯುತ್ತಿದ್ದ ಆ ವರ್ಷವೇ, ಇನ್ನೊಂದು ಮೂಲೆಯಲ್ಲಿ ನಾವು ಆ ಲೆಕ್ಕದಿಂದ ಒಂದನ್ನು ಕಳೆದಿದ್ದೆವು. ಮರಿಯೂ ಉಳಿಯದಿದ್ದರೆ ಎರಡು.

ಇನ್ನು ಕಥೆ ಹೇಗೆ ಹುಟ್ಟಿತು ಎಂಬುದು. ಕೆಲಸಕ್ಕೆ ಸೇರಿದ ಹೊಸತು. ಮಳೆಯ ಮಧ್ಯಾಹ್ನ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಮುಕುರ್ತಿ. ನಿಜವಾಗಿ ನಡೆದಂತೆಯೇ ಆರಂಭಿಸಿದೆ: ಲಾರಿ, ಅಜ್ಜ, ಹುಲ್ಲು, ಗಾಳಿ. ಬಂಡೆಯ ಹತ್ತಿರ ಬಂದಾಗ ಐವತ್ತು ಜೊತೆ ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಅವಕ್ಕೆ ಬೇಕಾದ ಉತ್ತರವೂ ನನಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಬೆನ್ನು ಇನ್ನಷ್ಟು ಬೆಳ್ಳಗಾಯಿತು, ದೂರ ಹೆಚ್ಚಿತು. ಅದೇ ಮೇಷ್ಟರು ಪ್ರವಾಸದ ಪ್ರಬಂಧದಲ್ಲಿ ನೀವು ಕಾಣದ ಜಲಪಾತವನ್ನು ಬರೆದಾಗ ಕೆಂಪು ಶಾಯಿಯಲ್ಲಿ "ಕಂಡದ್ದನ್ನು ಬರೆ" ಎಂದು ಗೀಚಿ ಎರಡು ಅಂಕ ಕಳೆಯುತ್ತಿದ್ದರು ಎಂಬುದು ನಿಮಗೆ ನೆನಪಿರಬಹುದು. ಯಾರಿಗಾದರೂ ಆ ಎರಡು ಅಂಕ ಈಗ ಬೇಕಾದರೆ ಕೊಡಲು ಸಿದ್ಧನಿದ್ದೇನೆ.

ಇಷ್ಟರಲ್ಲೇ ನಿಂತಿದ್ದರೆ ಸಣ್ಣ ವಿಷಯ. 1984ರಲ್ಲಿ ಮಾವ ನಮ್ಮಲ್ಲಿಗೆ ಬಂದಿದ್ದರು. ಆಗ ಅವರಿಗೆ ಅರವತ್ತು ದಾಟಿತ್ತು. ಸಂಜೆ ಶಾಲೆ ಬಿಡುವ ಹೊತ್ತಿಗೆ ನನ್ನನ್ನು ಕಾಣಲು ಗೇಟಿನ ಹತ್ತಿರ ಬಂದು ನಿಂತರು. ಇವರೇ ನನ್ನ ಮಾವ ಎಂದು ಯಾರಿಗೋ ಹೇಳಿದೆ, ಅಷ್ಟೆ. ಎಂಟನೆಯ ತರಗತಿಯ ಹುಡುಗರು ಮುತ್ತಿಕೊಂಡರು. "ನೀವೇನಾ ಸಾರ್ ಆ ಐಬೆಕ್ಸ್ ಹೊಡೆದೋರು? ಒಂದೇ ಗುಂಡಿಗೆ? ಬೆನ್ನೆಲ್ಲಾ ಬೆಳ್ಳಿ ಥರ ಇತ್ತಂತೆ?" ಹುಡುಗರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೇ ಹೇಳಿದರು. ನಾನು ಅಲ್ಲೇ ನಿಂತಿದ್ದೆ. ಆ ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಮುಖ ಹೇಗಿತ್ತೆಂಬುದು ಅವರಿಗೇ ಗೊತ್ತಿರಬೇಕು. ಮಾವ ಎಲ್ಲವನ್ನೂ ಕೇಳಿದರು. ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಹುಡುಗರಿಗೆ, "ಹೂಂ ಕಣ್ರಪ್ಪಾ. ಆದ್ರೆ ಅದನ್ನ ಮೊದಲು ಕಂಡೋರು ನಿಮ್ ಮೇಷ್ಟ್ರು," ಎಂದರು.

ಮನೆಗೆ ಬರುವ ದಾರಿಯಲ್ಲಿ ಆ ಮಾತೇ ಎತ್ತಲಿಲ್ಲ. ವೀಳ್ಯದೆಲೆ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರು. ಮಾರನೆಯ ದಿನದ ಬಸ್ಸಿನ ವೇಳೆ ಕೇಳಿದರು. ನಾನು ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟೆ. 1991ರಲ್ಲಿ ಅವರು ತೀರಿಕೊಂಡರು. ಬೆನ್ನು ಕಾಣಲಿಲ್ಲ ಮಾವ ಎಂಬ ಮೂರು ಪದಗಳನ್ನು ಹೇಳಲು ನನಗೆ ಇಪ್ಪತ್ತೆಂಟು ವರ್ಷ ಸಮಯವಿತ್ತು.

ಮಾವ ಹೋದ ಮೇಲೂ ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. 2006ರಲ್ಲಿ ನಿವೃತ್ತನಾಗುವ ವರ್ಷವೂ ಒಮ್ಮೆ ಹೇಳಿದೆ. ಅಷ್ಟರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಎಷ್ಟೋ ವರ್ಷಗಳಾಗಿದ್ದವು. ಈ ಪ್ರಾಣಿ ಅದರ ಮೊದಲನೆಯ ಅನುಸೂಚಿಯಲ್ಲಿದೆ. ಕಥೆಯ ಕೊನೆಗೆ "ಈಗ ಹಾಗೆಲ್ಲ ಹೊಡೆಯಬಾರದು ಮಕ್ಕಳೇ" ಎಂದು ಒಂದು ಸಾಲು ಸೇರಿಸಿದೆ. ಅದೊಂದೇ ನಾನು ಮಾಡಿದ ತಿದ್ದುಪಡಿ.

2011ರಲ್ಲಿ ಮಗಳೂ ಅಳಿಯನೂ ಮುನ್ನಾರಿಗೆ ಕರೆದೊಯ್ದರು. ಅಲ್ಲಿನ ಇರವಿಕುಲಂ ಕೂಡ ಒಂದು ಕಾಲಕ್ಕೆ ತೋಟದ ದೊರೆಗಳ ಬೇಟೆಯ ಬಯಲೇ. ಜಾರ್ಜ್ ಶಾಲರ್ ಎಂಬ ಪ್ರಸಿದ್ಧ ಪ್ರಾಣಿವಿಜ್ಞಾನಿ 1969ರಲ್ಲಿ ಅಲ್ಲಿ ಇವುಗಳನ್ನು ಅಧ್ಯಯನ ಮಾಡಿದ್ದರು. 1975ರಲ್ಲಿ ಅಭಯಾರಣ್ಯವಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ರಾಜಮಲೆಯವರೆಗೆ ಅರಣ್ಯ ಇಲಾಖೆಯ ಬಸ್ಸು. ಇಳಿದು ಡಾಂಬರು ದಾರಿಯಲ್ಲಿ ಹತ್ತು ನಿಮಿಷ ನಡೆದೆವೋ ಇಲ್ಲವೋ, ದಾರಿಯ ಬದಿಯ ಮೋರಿಯ ಮೇಲೆ ಒಂದು ತಾರ್ ನಿಂತಿತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದಕ್ಕೆ ಯಾರ ಪರಿವೆಯೂ ಇಲ್ಲ. ಹುಲ್ಲು ಕಚ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು. ಎರಡು ದಿನ ಹೊಟ್ಟೆಯ ಮೇಲೆ ತೆವಳಿದ್ದು ಇದರ ಸಲುವಾಗಿಯೇ ಎಂದು ನನಗೇ ನಂಬಿಕೆಯಾಗಲಿಲ್ಲ. ಮೊಮ್ಮಗ ಕೇಳಿದ: "ತಾತಾ, ಇದು ಗಂಡಾ ಹೆಣ್ಣಾ?"

ನಾನು ಸುತ್ತ ಹೋಗಿ ಬೆನ್ನು ನೋಡಿದೆ. ಬೂದುಬಣ್ಣ. ಕೊಂಬು ತೆಳು. ಹೆಣ್ಣು ಎಂದೆ. ಅಳಿಯ ನಕ್ಕ, "ಅಷ್ಟು ಯೋಚನೆ ಮಾಡ್ಬೇಕಾ ಮಾವ ಅದಕ್ಕೆ?" ಎಂದ.

2025ರ ಏಪ್ರಿಲ್‌ನಲ್ಲಿ ಕೇರಳ, ತಮಿಳುನಾಡು ಎರಡೂ ಸೇರಿ ಒಟ್ಟಿಗೇ ಎಣಿಸಿದಾಗ ಎರಡೂವರೆ ಸಾವಿರಕ್ಕೂ ಹೆಚ್ಚು ತಾರ್‌ಗಳು ಸಿಕ್ಕವು. ಇಡೀ ಪ್ರಪಂಚದಲ್ಲಿ ಇರುವುದೇ ಈ ಎರಡು ರಾಜ್ಯಗಳ ಬೆಟ್ಟಗಳಲ್ಲಿ. ಮುಕುರ್ತಿಯೂ 1990ರಿಂದ ರಾಷ್ಟ್ರೀಯ ಉದ್ಯಾನ. ಆ ಬಂಡೆಯನ್ನು ಮತ್ತೊಮ್ಮೆ ನೋಡಬೇಕೆಂದು ನನಗೆ ಆಸೆಯಿಲ್ಲ. ಇದ್ದರೂ ಈಗ ಎಪ್ಪತ್ತೇಳರ ಮಂಡಿಗಳು ಒಪ್ಪವು.

ದುರ್ಬೀನು ಈಗಲೂ ನನ್ನ ಬೀರುವಿನಲ್ಲಿದೆ. ಮಾವ ಹೋದ ಮೇಲೆ ಅತ್ತೆ ಕಳುಹಿಸಿಕೊಟ್ಟರು. ಎಡಗಡೆಯ ಗಾಜಿಗೆ ಬೂಷ್ಟು ಹಿಡಿದಿದೆ, ಬಲಗಡೆಯದು ಚೆನ್ನಾಗಿಯೇ ಇದೆ. ಫೋನ್ ಮಾಡಿದ್ದ ಹುಡುಗ, ಅರವತ್ತಾದರೂ ನನಗೆ ಹುಡುಗನೇ, ಅದನ್ನು ನೋಡಬೇಕೆಂದು ದೀಪಾವಳಿಗೆ ಬರುವವನಿದ್ದಾನೆ. ಬರಲಿ. ಬರುವ ಮೊದಲು ಇದನ್ನು ಓದಿಕೊಂಡು ಬಾರಪ್ಪ.